ಅತ್ತೆಯ ಸಂವಿಧಾನ, ನನ್ನ ಹೊಟ್ಟೆಕಿಚ್ಚು

ಇವತ್ತು ಮಾಡಿದ ಕೆಲಸಗಳು: ಅಂಗಳದ ಕಸ ಹೊಡೆದು ನೀರು ಹಾಕಿದೆ. ಹಾಲು ಕಾಸಿದೆ. ಅತ್ತೆಯ ಮೊಣಕಾಲಿಗೆ ಎಣ್ಣೆ ತಿಕ್ಕಿ ಸ್ನಾನ ಮಾಡಿಸಿದೆ. ರೊಟ್ಟಿ ಬಡಿದೆ. ಮೋಡ ಕಂಡು ಮೆಣಸಿನಕಾಯಿ ಒಳಗೆ ತಂದೆ, ಬಿಸಿಲು ಕಂಡು ಮತ್ತೆ ಹೊರಗೆ ಹರವಿದೆ. ಅತ್ತೆಗೆ ಇಳಕಲ್ ಸೀರೆ ಉಡಿಸಿದೆ. ಇವೆಲ್ಲದರ ನಡುವೆ ಶಮೀಮ್ ಟೀಚರ್ ಮೇಲೆ ಹೊಟ್ಟೆಕಿಚ್ಚು ಪಟ್ಟೆ. ಅದೂ ದಿನಾ ಮಾಡುವ ಕೆಲಸವೇ ಆದ್ದರಿಂದ ಪಟ್ಟಿಯಿಂದ ಬಿಡುವುದು ನ್ಯಾಯವಲ್ಲ.

ಶಮೀಮ್ ಟೀಚರ್ ಸವಣೂರಿನವರು. ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳಿ ನಿವೃತ್ತರಾಗಿ, ಈಗ ಅಕ್ಕಿಆಲೂರಿನಲ್ಲಿ ನಮ್ಮ ಹಿತ್ತಲಿಗೆ ಹೊಂದಿಕೊಂಡ ತಂಗಿಯ ಮನೆಯಲ್ಲಿದ್ದಾರೆ. ಒಳ್ಳೆಯವರು. ಹೊಟ್ಟೆಕಿಚ್ಚಿಗೆ ಇದಕ್ಕಿಂತ ದೊಡ್ಡ ಅಡ್ಡಿ ಇನ್ನೊಂದಿಲ್ಲ. ಕೆಟ್ಟವರ ಮೇಲಾದರೆ ಸಿಟ್ಟು ಮಾಡಿ ಮುಗಿಸಬಹುದು; ಒಳ್ಳೆಯವರ ಮೇಲಿನ ಕಿಚ್ಚನ್ನು ಮಾತ್ರ ಹಸಿ ಸೌದೆಯ ಒಲೆಯ ಹಾಗೆ ಊದುತ್ತಲೇ ಕೂಡಬೇಕು, ಕಣ್ಣಲ್ಲಿ ನೀರು ನಮಗೇ.

ಅತ್ತೆಗೆ ತೊಂಬತ್ತು ದಾಟಿದೆ. ಹೋದ ವರ್ಷ ಅವರು ಮಾತು ಬಿಟ್ಟಿದ್ದರು. ರೋಗವೇನೂ ಇರಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ತೊಲೆ ನೋಡುತ್ತ ಮಲಗುವುದು, ಕೇಳಿದರೆ ‘ಹೂಂ’ ಅನ್ನುವುದು, ಅಷ್ಟೆ. ಹಾನಗಲ್ಲಿನ ಡಾಕ್ಟರು, ‘ಇವರ ತಲೆಗೆ ಕೆಲಸ ಕೊಡಿ’ ಎಂದರು. ಕೊಟ್ಟೆ. ಪುರಾಣ ಓದಿದೆ, ನಿದ್ದೆ ಮಾಡಿದರು. ಟಿವಿ ಹಚ್ಚಿದೆ, ಗೋಡೆ ಕಡೆ ತಿರುಗಿದರು. ಅವರೆಕಾಯಿ ಸುಲಿಯಲು ಕೊಟ್ಟೆ; ಸುಲಿದ ಕಾಳನ್ನೂ ಸಿಪ್ಪೆಯನ್ನೂ ಒಂದೇ ಬುಟ್ಟಿಗೆ ಹಾಕಿ ನನಗೆ ಎರಡು ಪಟ್ಟು ಕೆಲಸ ಕೊಟ್ಟರು.

ಆಗ ಬಂದವರು ಟೀಚರ್. ಪಡಸಾಲೆಯಲ್ಲಿ ಮಧ್ಯಾಹ್ನ ಸಂವಿಧಾನದ ಪಾಠ ಹೇಳುತ್ತೇನೆ ಎಂದರು. ನಾನು ನಕ್ಕೆ.

‘ಈ ವಯಸ್ಸಿನ್ಯಾಗ ಹಕ್ಕು ತಗೊಂಡು ಏನ್ ಮಾಡ್ತಾರ್ರಿ ಟೀಚರ್? ಭಜನಿ ಕಲಸ್ರಿ.’

‘ಭಜನಿ ಬರ್ತೈತಿ ಅವ್ರಿಗೆ, ಗಂಗಕ್ಕಾ. ಜಗಳಾ ಮಾಡಾಕ ಬರೂವಂಥಾದ್ದು ಬೇಕು. ತಲಿ ಆಗ ಏಳ್ತೈತಿ.’

ಎದ್ದಿತು ನೋಡಿ ತಲೆ! ಪಾಠಕ್ಕೆ ಬರುವ ಇನ್ನೊಬ್ಬ ವಿದ್ಯಾರ್ಥಿ ಗಾದಿ ಹೊಲಿಯುತ್ತಿದ್ದ ಹುಸೇನಸಾಬಜ್ಜ. ಸಮಾನತೆಯ ಪಾಠದ ದಿನ ಅವನೇ ಕಿಡಿ ಹಚ್ಚಿದ.

‘ಎಲ್ಲಾರೂ ಸಮ ಅಂದ್ರ ಎಲ್ಲಾರಿಗೂ ಒಂದ ಅಳತಿ ಗಾದಿ ಏನು? ಉದ್ದ ಇದ್ದಾಂವ ಕಾಲು ಎಲ್ಲೆ ಚಾಚಬೇಕು?’

ವರ್ಷವಿಡೀ ‘ಹೂಂ’ ಅಂದಿದ್ದ ಅತ್ತೆ ಗೋಡೆಗೆ ಆನಿಸಿದ್ದ ಬೆನ್ನು ಎತ್ತಿ ಕೂತರು. ‘ಗಾದಿ ಅವರವರ ಅಳತಿಗೆ ಹೊಲಿಯೋ ಹುಸೇನಾ. ಒಳಗ ಹತ್ತಿ ಅರಳಿ ಮಾತ್ರ ಎಲ್ಲಾರಿಗೂ ಒಂದ ನಮೂನಿ ಹಾಕು. ಸಾಹುಕಾರಗ ಹೊಸಾದು, ನಮಗ ಹಳೇದು ಹಾಕ್ತಿದ್ಯಲ್ಲ, ಗೊತ್ತಿಲ್ಲನು ನನಗ?’

ಎಲ್ಲರೂ ನಕ್ಕರು. ನಾನೂ ನಕ್ಕೆ, ಬಾಗಿಲ ಸಂದಿಯಲ್ಲಿ ನಿಂತು. ಆದರೆ ಅವರೆಕಾಯಿ ಕೊಟ್ಟವಳು ನಾನು, ಮಾತು ಕೊಯ್ದುಕೊಂಡವರು ಟೀಚರ್.

ನಮ್ಮ ಕಡೆ ಮೊದಲು ನೆಲದಲ್ಲಿ ಹಗೇವು ತೋಡಿ ಜೋಳ ತುಂಬಿಡುತ್ತಿದ್ದರು. ಕೊನೆಗೆ ತುಂಬಿದ್ದು ಮೇಲೆಯೇ ಇದ್ದು ಮೊದಲು ಖರ್ಚಾಗುತ್ತಿತ್ತು, ಹಳೆಯದು ತಳದಲ್ಲೇ ಉಳಿಯುತ್ತಿತ್ತು. ಮುದುಕರ ನೆನಪೂ ಹಾಗೇ ಎಂದು ನಾನು ನಂಬಿದ್ದೆ. ಬೆಳಿಗ್ಗೆ ಉಂಡದ್ದು ನೆನಪಿಲ್ಲ, ಮಾಸೂರಿನ ತವರಿನಲ್ಲಿ ಉಂಡದ್ದು ನೆನಪಿದೆ. ಆದರೆ ಈ ಸಂವಿಧಾನ ಹೋಗಿ ಎಲ್ಲಿ ಕೂತಿತೋ! ‘ಇಪ್ಪತ್ತೊಂದನೇ ವಿಧಿ ಅಂದ್ರ ಜೀವಾ’ ಎಂದು ಸ್ನಾನ ಮಾಡಿಸುವಾಗ ನನಗೇ ಪಾಠ. ನೀರು ಸ್ವಲ್ಪ ಬಿಸಿಯಾದರೆ ಅದೇ ವಿಧಿ ನನ್ನ ಮೇಲೆ. ಮಧ್ಯಾಹ್ನವಾದರೆ ಜಡೆ ಹಾಕು, ಸೀರೆ ಉಡಿಸು ಎಂಬ ಅವಸರ. ಟೀಚರ್ ಸವಣೂರಿನ ವೀಳ್ಯದೆಲೆ ತಂದರೆ ಮಡಿಚಿ ದವಡೆಗಿಟ್ಟು, ‘ಶಮೀಮವ್ವಾ, ನೀನ ಬಾ’ ಎಂದು ಕೈ ಹಿಡಿದು ಪಕ್ಕಕ್ಕೆ ಕೂಡಿಸಿಕೊಳ್ಳುತ್ತಾರೆ.

ಶಮೀಮವ್ವಾ. ನನ್ನ ಕಿಚ್ಚಿನ ಬುಡ ಇರುವುದು ಇಲ್ಲೇ.

ಅತ್ತೆ ನನ್ನನ್ನು ಹೆಸರು ಹಿಡಿದು ಕರೆದವರೇ ಅಲ್ಲ. ತಪ್ಪು ಅವರದಲ್ಲ. ನನ್ನ ಹೆಸರು ಗಂಗವ್ವ, ತೀರಿಹೋದ ಮಾವನವರದು ಗಂಗಪ್ಪ. ಗಂಡನ ಹೆಸರು ಎತ್ತಬಾರದು, ಅದರ ವಾಸನೆ ಇರುವ ಮಾತನ್ನೂ ಎತ್ತಬಾರದು. ಹೀಗಾಗಿ ನಮ್ಮ ಮನೆಯಲ್ಲಿ ಗಂಗಾಳ ಬರೀ ‘ದೊಡ್ಡ ತಾಟು’, ದೇವರ ಮುಂದಿನ ಗಂಗಾಜಲ ‘ಕಾಶಿ ನೀರು’, ನಾನು ‘ಏ, ಇಕಿನ’, ಅಂದರೆ ಇವಳೇ. ಮದುವೆಯಲ್ಲಿ ನನಗೆ ಬೇರೆ ಹೆಸರಿಟ್ಟಿದ್ದರು. ಯಾರ ಬಾಯಿಗೂ ಹತ್ತಲಿಲ್ಲ. ಗಂಡನ ಹೆಸರಿಗಾದರೆ ಒಡಪಿನ ದಾರಿ ಇದೆ. ಆರತಿ ಹೊತ್ತಿನಲ್ಲಿ ಹೆಂಗಸರು ಒತ್ತಾಯ ಮಾಡಿದರೆ ಅತ್ತೆ, ‘ಸಂತಿಗೆ ಹೋಗಿ ಅಕ್ಕಿ ತಂದೆ ಸೇರಿನ್ಯಾಗ ತೂಗಿಸಿ, ಗಂಗಪ್ಪಾರ ಹೆಸರು ಹೇಳ್ತೇನಿ ತಲಿ ಬಾಗಿಸಿ’ ಎಂದು ನಾಚುತ್ತಿದ್ದರು. ಸೊಸೆಯ ಹೆಸರಿಗೆ ಯಾರು ಒಡಪು ಕಟ್ಟುತ್ತಾರೆ? ಅವರನ್ನು ಮಗುವಿನಂತೆ ತೊಳೆದು, ಉಣಿಸಿ, ಕೂದಲು ಬಾಚುವವಳು ‘ಇಕಿನ’. ಎಲೆ ತಂದವರು ‘ಶಮೀಮವ್ವಾ’. ನನ್ನ ಹೆಸರೆತ್ತದೆಯೇ ಇವರ ಕಾಲ ಮುಗಿದುಹೋದರೆ ಎಂಬ ಹೆದರಿಕೆ, ಹೇಳಿಕೊಳ್ಳಲು ನಾಚಿಕೆ.

ಇವತ್ತು ಹತ್ತೊಂಬತ್ತನೆಯ ವಿಧಿ, ಮಾತಿನ ಸ್ವಾತಂತ್ರ್ಯ. ನಾನು ಅಡುಗೆಮನೆಯಲ್ಲಿ ಚಹಾಕ್ಕೆ ಇಟ್ಟಿದ್ದೆ, ಕಿವಿ ಪಡಸಾಲೆಯಲ್ಲಿ.

‘ಮನಸಿನ್ಯಾಗ ಇದ್ದದ್ದನ್ನ ಅನ್ನೂ ಹಕ್ಕು, ಅವ್ವಾರ.’

‘ಇಷ್ಟ ದಿನಾ ಅನಲಾರದ್ದನ್ನೂ?’

‘ಅದನ್ನೂ ಅನಬೌದು. ಸರಕಾರ ಬಾಯಿ ಮುಚ್ಚಸೂ ಹಂಗಿಲ್ಲ.’

‘ಸರಕಾರದ್ದು ಬಿಡವಾ. ಮನ್ಯಾಗ?’

ಟೀಚರ್ ನಕ್ಕರು. ‘ಮನ್ಯಾಗ ನೀವ ಸರಕಾರ ಅಲ್ರಿ?’

ಅತ್ತೆ ದವಡೆಯ ಎಲೆ ಉಗುಳಿದ್ದು ಕೇಳಿಸಿತು. ಆಮೇಲೆ, ‘ಗಂಗವ್ವಾ! ಏ ಗಂಗವ್ವಾ! ಚಾ ತಗೊಂಬಾ!’

ಚಹಾ ಉಕ್ಕಿ ಒಲೆ ಆರಿತು.

‘ಯಕ್ಕಾ, ಭಾವಾರ ಹೆಸರು ತಗದಿ!’ ಹುಸೇನಸಾಬಜ್ಜ ಗಲ್ಲ ಬಡಿದುಕೊಂಡ.

‘ಅವರದ್ದಲ್ಲೋ ಮೂಳಾ. ನನ್ನ ಸೊಸೀದು. ಇಕಿಗೂ ಒಂದು ಹೆಸರೈತಿ.’

ಉಳಿದ ಚಹಾ ಸೋಸಿ ತಂದೆ. ಟೀಚರ್ ನನ್ನ ಕಣ್ಣು ನೋಡಿ ಬಟ್ಟಲು ತೆಗೆದುಕೊಂಡರು. ನಾನು ವರ್ಷಗಟ್ಟಲೆ ತಟ್ಟಿದ ಬಾಗಿಲನ್ನು ಈ ಹೆಣ್ಣುಮಗಳು ಒಂದು ಮಧ್ಯಾಹ್ನದಲ್ಲಿ ತೆಗೆದರಲ್ಲ ಎಂದು ಸಂತೋಷದ ಬೆನ್ನಿಗೇ ಮತ್ತೆ ಕಿಚ್ಚು. ಅವರ ಚಹಾಕ್ಕೆ ಸಕ್ಕರೆ ಬಿದ್ದಿರಲಿಲ್ಲ. ಬೇಕಂತ ಬಿಟ್ಟದ್ದಲ್ಲ ಎಂದು ಆಣೆ ಮಾಡಲಾರೆ. ಅವರು ಮುಖ ಕಿವಿಚದೆ ಕುಡಿದು, ‘ಚಲೋ ಆಗೈತಿ ಗಂಗಕ್ಕಾ’ ಎಂದರು. ಒಳ್ಳೆಯವರು ಎಂದೆನಲ್ಲ.

ಸಿಕ್ಕ ಹಕ್ಕನ್ನು ಅತ್ತೆ ಪೆಟ್ಟಿಗೆಯಲ್ಲಿಡಲಿಲ್ಲ. ಗಂಗವ್ವಾ, ನೀರು. ಗಂಗವ್ವಾ, ಎಲೆ. ಗಂಗವ್ವಾ, ಸೊಳ್ಳಿ. ‘ಏನಬೇ?’ ಎಂದು ಓಡಿದರೆ, ‘ಏನಿಲ್ಲ, ಸುಮ್ಮನ ಕರದೆ’. ನಮ್ಮನೆಯವರು ಎರಡು ಸಲ ಬೆಚ್ಚಿ, ಅಪ್ಪನನ್ನು ಕರೆದಂತಾಯಿತು ಎಂದರು. ಸಂಜೆಯ ಹೊತ್ತಿಗೆ ನನಗೆ ‘ಇಕಿನ’ ಆಗಿದ್ದಾಗಿನ ಸುಖ ನೆನಪಾಗತೊಡಗಿತು. ಹಕ್ಕು ಅನ್ನುವುದು ಕರೆಯುವವರಿಗೆ ಹಬ್ಬ, ‘ಓ’ ಅನ್ನುವವರಿಗೆ ಓಡಾಟ. ಸಂವಿಧಾನ ಬರೆದವರಿಗೆ ಇದು ಗೊತ್ತಿದ್ದೀತು. ಅವರ ಮನೆಗಳಲ್ಲೂ ಸೊಸೆಯರಿದ್ದರಲ್ಲ.

ರಾತ್ರಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಅನ್ನ, ಮಜ್ಜಿಗೆ. ಅತ್ತೆಗೆ ಹಾಲಿನಲ್ಲಿ ಮುರಿದ ರೊಟ್ಟಿ, ಪೂರ್ತಿ ಉಂಡರು. ಮೊದಲು ಮಲಗಿದವರು ಅವರೇ, ‘ಗಂಗವ್ವಾ, ಬಾಗಲಾ ಹಾಕಿದೇನು?’ ಎಂದು ಕೇಳಿ, ಉತ್ತರಕ್ಕೂ ಕಾಯದೆ. ಬಾಗಿಲು ಹಾಕಿತ್ತು. ಆದರೂ ಎದ್ದು ಹೋಗಿ ಇನ್ನೊಂದು ಸಲ ಅಗುಳಿ ಮುಟ್ಟಿ ಬಂದೆ.