ಪಂಚಮಿಯಲ್ಲಿ ಮೂವತ್ತು ಸಹಿ

ನನಗೆ ಬೇಕಾಗಿದ್ದದ್ದು ಮೂವತ್ತು ಸಹಿ. ಮೂವತ್ತು ಹೆಣ್ಣುಮಕ್ಕಳನ್ನು ಮಾತಾಡಿಸಿ, ಒಬ್ಬೊಬ್ಬರಿಂದಲೂ ಒಂದು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಂಡು ತಂದರೆ ಸ್ನಾತಕೋತ್ತರ ಪದವಿಯ ಕೊನೆಯ ಪ್ರಬಂಧ ಒಪ್ಪಿಸಬಹುದಿತ್ತು. ತರದಿದ್ದರೆ ಇನ್ನೂ ಆರು ತಿಂಗಳು.

ನಮ್ಮದು ಹಣಕಾಸು ಮತ್ತು ಕಾನೂನು ಎರಡನ್ನೂ ಕೂಡಿಸಿ ಓದುವ ಎರಡು ವರ್ಷದ ಕೋರ್ಸು. ಹಿರಿಯರ ಹೊಲದಲ್ಲಿ ಮಗಳಿಗೂ ಮಗನಷ್ಟೇ ಪಾಲು ಎಂದು ಬೆಳಿಗ್ಗೆ ಕಾನೂನಿನ ತರಗತಿಯಲ್ಲಿ ಬರೆದುಕೊಳ್ಳುತ್ತಿದ್ದೆವು. ಹೊಲ ಅಡವಿಟ್ಟುಕೊಳ್ಳುವ ಬ್ಯಾಂಕು ಪಾಲುದಾರರೆಲ್ಲರ ಸಹಿ ಏಕೆ ಕೇಳುತ್ತದೆ ಎಂದು ಮಧ್ಯಾಹ್ನ ಹಣಕಾಸಿನ ತರಗತಿಯಲ್ಲಿ ಬರೆದುಕೊಳ್ಳುತ್ತಿದ್ದೆವು. ಮದುವೆಯಾಗಿ ಹೋದ ಮಗಳು ಅಂಥ ಕಾಗದಕ್ಕೆ ಸಹಿ ಹಾಕುವಾಗ ತಾನು ಏನು ಕೊಡುತ್ತಿದ್ದೇನೆಂದು ತಿಳಿದಿರುತ್ತಾಳೆಯೇ ಎಂಬುದನ್ನು ಮಾತ್ರ ಎರಡೂ ತರಗತಿಗಳಲ್ಲಿ ಯಾರೂ ಹೇಳಲಿಲ್ಲ. ಅದನ್ನೇ ನನ್ನ ಪ್ರಬಂಧದ ವಿಷಯವಾಗಿ ತೆಗೆದುಕೊಂಡೆ.

ನಾನು ಯೋಜನೆ ಹಾಕದೆ ಮನೆಯಿಂದ ಹೊರಬೀಳುವವಳಲ್ಲ. ಗಂಡನ ಮನೆಗೆ ಹೋದ ಹೆಣ್ಣುಮಕ್ಕಳನ್ನು ಊರೂರು ಅಲೆದು ಹುಡುಕಬೇಕಾದರೆ ಎರಡು ತಿಂಗಳು ಬೇಕು. ನಾಗರ ಪಂಚಮಿಗೆ ಎಲ್ಲರೂ ತವರಿಗೆ ಬಂದೇ ಬರುತ್ತಾರೆ. ಆ ವಾರ ಮೂರು ತಾಲೂಕು, ದಿನಕ್ಕೊಂದು, ದಿನಕ್ಕೆ ಹತ್ತು ಜನ. ಬಾಗೇವಾಡಿಯ ನಮ್ಮ ಮನೆಯ ಗೋಡೆಗೆ ಬಸ್ಸಿನ ವೇಳೆಗಳ ಪಟ್ಟಿ ಅಂಟಿಸಿದೆ. ಇದಕ್ಕಿಂತ ಜಾಣತನದ ಯೋಜನೆ ಇರಲಾರದು ಎಂದುಕೊಂಡಿದ್ದೆ.

ಮೊದಲ ದಿನ ಇಂಡಿ ತಾಲೂಕಿನ ಹೊರ್ತಿ. ಮೊದಲ ಮನೆಯ ಅಂಗಳದಲ್ಲಿ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದರು. ಮೂವರು ಅಕ್ಕತಂಗಿಯರು ಕಟ್ಟೆಯ ಮೇಲೆ ಕೂತಿದ್ದರು. ಹಿರಿಯಳು ನನ್ನ ಕೈಗೆ ಶೇಂಗಾ ಉಂಡಿ ಕೊಟ್ಟು ಕೇಳಿದಳು:

"ಏನ್ ಓದಾಕತ್ತೀ ತಂಗಿ?"

"ರೊಕ್ಕದ ವ್ಯವಹಾರ, ಮತ್ತ ಕಾಯ್ದೆ. ಎರಡೂ ಕೂಡೇ ಐತ್ರಿ."

"ಎರಡೂ ಕಲತ್ರ ನಿನ್ನ ಯಾರ ಮದಿವಿ ಆಗ್ತಾರವಾ?"

ಮೂವರೂ ಬಿದ್ದು ಬಿದ್ದು ನಕ್ಕರು. ಆಮೇಲೆ ಒಂದು ತಾಸು, ಯಾವ ಕಾಗದಕ್ಕೆ ಎಲ್ಲಿ ಸಹಿ ಹಾಕಿದ್ದು, ಯಾರು ಓದಿ ಹೇಳಿದ್ದು, ಯಾರು ಓದದೆ ಹೆಬ್ಬೆಟ್ಟು ಒತ್ತಿಸಿದ್ದು, ಎಲ್ಲ ಹೇಳಿದರು. ನನ್ನ ಪೆನ್ನು ಓಡಿದ್ದೇ ಓಡಿದ್ದು. ಕೊನೆಗೆ ಒಪ್ಪಿಗೆ ಪತ್ರ ತೆಗೆದು ಮುಂದಿಟ್ಟೆ. ಮೂವರ ಕೈಗಳೂ ಸೆರಗಿನೊಳಗೆ ಹೋದವು.

"ಅಣ್ಣಗ ಕೇಳಿ ಹಾಕ್ತೇವಿ ತಗೋ," ಎಂದಳು ನಡುವಿನವಳು. ಅಣ್ಣ ಸಂಜೆಯವರೆಗೂ ಬರಲಿಲ್ಲ.

ಆ ದಿನದ ಲೆಕ್ಕ: ಮಾತಾಡಿದವರು ಒಂಬತ್ತು, ಚಹಾ ಎಂಟು, ಉಂಡಿ ಹದಿನಾಲ್ಕು, ಸಹಿ ಸೊನ್ನೆ.

ಎರಡನೆಯ ದಿನ ಸಿಂದಗಿ ಕಡೆ ಎಂಟು ಜನ ಸಿಕ್ಕರು, ಎರಡು ಸಹಿ. ಒಬ್ಬರು ಸಾಲಿ ಟೀಚರು. ಇನ್ನೊಬ್ಬಳ ಅಣ್ಣ ಪತ್ರವನ್ನು ಎರಡು ಸಲ ಓದಿ, ಫೋಟೋ ಹೊಡೆದುಕೊಂಡು, ಯಾರಿಗೋ ಕಳಿಸಿ, ಅಲ್ಲಿಂದ ಉತ್ತರ ಬಂದ ಮೇಲೆ "ಹಾಕು" ಅಂದ. ಇದಕ್ಕೇ ಒಂದು ಬಸ್ಸು ತಪ್ಪಿತು.

ಮೂರನೆಯ ದಿನ ಮುದ್ದೇಬಿಹಾಳದ ಹತ್ತಿರದ ಒಂದು ಊರಿನಲ್ಲಿ ನನ್ನ ಪ್ರಶ್ನೆಗಳು ಅರ್ಧಕ್ಕೆ ಬಂದಿದ್ದಾಗ ಮನೆಯ ಮಗ ಒಳಗೆ ಬಂದ. ಪತ್ರ ಎತ್ತಿಕೊಂಡು ನಿಂತೇ ಓದಿದ.

"ಯಾವ ವಕೀಲ ಕಳಿಸ್ಯಾನ ನಿನ್ನ? ನಮ್ಮ ತಂಗೀಗೆ ಪಾಲ ಕೇಳು ಅಂತ ಕಿವಿ ಊದಾಕ ಬಂದಿ ಹೌದಿಲ್ಲೊ?"

ವಿಶ್ವವಿದ್ಯಾಲಯದ ಗುರುತಿನ ಚೀಟಿ ತೋರಿಸಿದೆ. ಅದರಲ್ಲಿ 'ಕಾನೂನು' ಎಂಬ ಶಬ್ದ ನೋಡಿ ಅವನಿಗೆ ಇನ್ನಷ್ಟು ಖಾತ್ರಿಯಾಯಿತು. ಚೀಲ ಹೆಗಲಿಗೆ ಹಾಕಿಕೊಂಡು ಹೊರಗೆ ಬಂದೆ. ಅವನ ತಂಗಿ ಹಿಂದೆಯೇ ಓಡಿ ಬಂದು ಮೆಲ್ಲಗೆ ಕೇಳಿದಳು:

"ಖರೇ ಹೇಳು. ನನ್ನ ಸಹಿ ತಗೊಳ್ಳಾಕ ನಮ್ಮ ಅಣ್ಣಾನ ಹೇಳಿ ಕರಸ್ಯಾನಿಲ್ಲೋ ನಿನ್ನ?"

ಅಣ್ಣನ ಕಣ್ಣಿಗೆ ನಾನು ತಂಗಿಯ ಕಡೆಯವಳು, ತಂಗಿಯ ಕಣ್ಣಿಗೆ ಅಣ್ಣನ ಕಡೆಯವಳು. ಓಣಿಯಲ್ಲೇ ಅಳು ಬರುವಂತಾಯಿತು. ಪಕ್ಕದ ಮನೆಯ ಮುದುಕಿಯೊಬ್ಬಳು ಇದನ್ನೆಲ್ಲ ನೋಡುತ್ತಿದ್ದಳು. ಕರೆದು ಕೂರಿಸಿ ನೀರು ಕೊಟ್ಟಳು.

"ಶ್ಯಾಣ್ಯಾಕಿ ಇದ್ದಿ, ದಿನ ತಪ್ಪಿ ಬಂದಿ. ಪಂಚಮಿಗೆ ಕರೀತಾರ, ಉಂಡಿ ಕೊಡ್ತಾರ, ಸೀರಿ ಉಡಸ್ತಾರ, ಮರದಿನ ಕಚೇರಿಗೆ ಕರಕೊಂಡ ಹೋಗಿ ಸಹಿ ತಗೋತಾರ. ಅಕ್ಕತಂಗೇರೆಲ್ಲ ಒಂದ ಕಡೆ ಸಿಗೂದು ಆಗ ಅಲ್ಲೇನು? ನೀನೂ ಉಂಡಿ ತಿಂದ ಕೂಡ್ಲೇ ಕಾಗದ ತಗದಿ."

ಯಾವ ಕಾರಣಕ್ಕೆ ನಾನು ಈ ವಾರವನ್ನು ಆರಿಸಿಕೊಂಡಿದ್ದೆನೋ ಅದೇ ಕಾರಣಕ್ಕೆ ಅಣ್ಣಂದಿರೂ ಆರಿಸಿಕೊಂಡಿದ್ದರು. ಆ ದಿನ ಮಾತಾಡಿದವರು ಎಂಟು, ಸಹಿ ಒಂದೇ. ಮುದ್ದೇಬಿಹಾಳದ ಬಸ್ ನಿಲ್ದಾಣದಿಂದ ನನ್ನ ಮಾರ್ಗದರ್ಶಕರಿಗೆ ಫೋನು ಮಾಡಿ, ಇಪ್ಪತ್ತೈದು ಜನರ ಮಾತು ಇದೆ, ಸಹಿ ಮೂರೇ ಇವೆ, ಏನು ಮಾಡಲಿ ಎಂದು ಕೇಳಿದೆ.

"ಸಹಿ ಇಲ್ಲದ ಮಾತು ನಮಗ ಮಾತಽ ಅಲ್ಲ," ಎಂದರು. "ಮೂವತ್ತು ಅಂದ್ರ ಮೂವತ್ತು."

ಮನೆಗೆ ಬಂದವಳೇ ಅವ್ವನ ಮುಂದೆ ಪತ್ರ ಇಟ್ಟೆ. ಅವ್ವನ ತವರು ಸಿಂದಗಿ ಕಡೆ; ಪಂಚಮಿ ಮುಗಿಸಿಕೊಂಡು ಅವತ್ತೇ ಅಲ್ಲಿಂದ ಬಂದಿದ್ದಳು. ಅಲ್ಲಿ ಅವರಪ್ಪನ ಹೊಲ ಇದೆ. ಅವಳನ್ನೂ ಒಬ್ಬಳೆಂದು ಹಿಡಿದರೆ ನಾಲ್ಕನೆಯ ಸಹಿಯಾದರೂ ಆಗುತ್ತದೆ ಎಂಬ ಹಟ.

ಏಳನೇ ಇಯತ್ತೆವರೆಗೆ ಓದಿದ ಅವ್ವ ಸಾಲಿನ ಕೆಳಗೆ ಬೆರಳಿಟ್ಟು ಗಟ್ಟಿಯಾಗಿ ಓದಿದಳು: "ನಾನು ನನ್ನ ಸ್ವಖುಷಿಯಿಂದ, ಯಾರ ಒತ್ತಾಯವೂ ಇಲ್ಲದೆ, ಓದಿ ತಿಳಿದು ಬರೆದುಕೊಟ್ಟ ಒಪ್ಪಿಗೆ ಪತ್ರ ಏನೆಂದರೆ..." ಬೆರಳು ಅಲ್ಲಿಯೇ ನಿಂತಿತು.

"ಅವತ್ತೂ ಇದನ್ನಽ ಓದಿದ್ರು."

"ಯಾವತ್ತವ್ವಾ?"

"ನಿಮ್ಮ ಮಾಮಾ ಸಿಂದಗಿ ಕಚೇರಿಗೆ ಕರಕೊಂಡ ಹೋಗಿದ್ದ. ನೀ ಇನ್ನಾ ಸಣ್ಣಾಕಿ."

"ಹೊಲದ ಹಕ್ಕ ಬಿಟ್ಟಿ ಏನು?"

"ಬಿಟ್ನೋ, ಬ್ಯಾಂಕಿಗೆ ಹಾಕಿದ್ನೋ, ಯಾರಿಗೆ ಗೊತ್ತು. ಹಾಕು ಅಂದ್ರು, ಹಾಕಿದೆ."

ಎರಡು ವರ್ಷ ಈ ವಿಷಯವನ್ನೇ ಓದುತ್ತಿದ್ದೆ, ಅವ್ವನನ್ನು ಒಮ್ಮೆಯೂ ಕೇಳಿರಲಿಲ್ಲ. ಆ ಪತ್ರ ಬರೆದವಳೂ ನಾನೇ. ಕರಾರು ಬರೆಯುವ ತರಗತಿಯಲ್ಲಿ ಕಲಿತ ಮಾದರಿಯನ್ನು ಹಾಗೇ ಇಳಿಸಿದ್ದೆ. ಹಕ್ಕು ಬಿಡಿಸಿಕೊಳ್ಳುವ ಪತ್ರವೂ ಶುರುವಾಗುವುದು ಅದೇ ಸಾಲಿನಿಂದ. ಆ ಇಪ್ಪತ್ತೈದು ಜನರಲ್ಲಿ ಎಷ್ಟೋ ಮಂದಿ ಆ ಸಾಲನ್ನು ಮೊದಲೇ ಕೇಳಿರಬೇಕು. ತರಗತಿಯಲ್ಲಿ ಆ ಮಾದರಿಯನ್ನು ತಿದ್ದಿದ ಮೇಷ್ಟ್ರು ನನಗೆ ಪೂರ್ತಿ ಅಂಕ ಕೊಟ್ಟಿದ್ದರು.

ಸಿಟ್ಟಿನಲ್ಲಿ ಪತ್ರ ಹರಿದು, ನಾಲ್ಕೇ ಸಾಲಿನಲ್ಲಿ ಹೊಸದು ಬರೆದೆ: ಇದು ಹೊಲದ ಕಾಗದ ಅಲ್ಲ. ಈ ಹುಡುಗಿ ಓದಿಗಾಗಿ ನನ್ನನ್ನು ಕೆಲವು ಪ್ರಶ್ನೆ ಕೇಳಿದಳು, ನಾನು ಉತ್ತರ ಹೇಳಿದೆ. ನನ್ನ ಹೆಸರು ಎಲ್ಲಿಯೂ ಬರುವುದಿಲ್ಲ. ಬೇಡ ಅನ್ನಿಸಿದ ದಿನ ಇದನ್ನು ವಾಪಸು ಕೇಳಬಹುದು.

ಅವ್ವ ಓದಿದಳು. "ಈಗ ತಿಳೀತೈತಿ ನೋಡು."

"ಹಂಗಾರ ಹಾಕು."

"ತಿಳದ ಮ್ಯಾಲ ಹೆಂಗ ಹಾಕ್ಲಿ? ನಾ ಹೇಳಿದ್ದು ನೀ ಪುಸ್ತಕದಾಗ ಬರೀತಿ. ಹೆಸರ ಇಲ್ಲಂದ್ರೂ ನಿಮ್ಮ ಮಾಮಾಗ ಯಾರಂತ ತಿಳಿಯೂದಿಲ್ಲೇನು? ಮುಂದಿನ ಪಂಚಮಿಗೆ ನನ್ನ ಕರೀಬೇಕಲ್ಲ."

"ಬಿಡವ್ವಾ!" ಎಂದು ಕೂಗಿಬಿಟ್ಟೆ. ಅವ್ವ ಪತ್ರವನ್ನು ಮಡಿಸಿ, ನೀಟಾಗಿ ನನ್ನ ಪುಸ್ತಕದ ಮೇಲಿಟ್ಟು, ರೊಟ್ಟಿ ಬಡಿಯಲು ಹೋದಳು.

ಮರುದಿನ ಆರು ತಿಂಗಳ ಅವಧಿ ಕೇಳುವ ಅರ್ಜಿ ತುಂಬಿದೆ. ಕಾರಣ ಬರೆಯಲು ಒಂದೇ ಸಾಲಿನ ಜಾಗ ಇತ್ತು. 'ಒಪ್ಪಿಗೆ ಪತ್ರ ಓದಿದವರು ಸಹಿ ಹಾಕುತ್ತಿಲ್ಲ' ಎಂದು ಬರೆದೆ. ಅದು ಸರಿಯಾದ ಕಾರಣವಲ್ಲ, ಬೇರೆ ಬರೆದು ಕಳಿಸಿ ಎಂದು ಸಂಜೆಯೊಳಗೆ ಅರ್ಜಿ ವಾಪಸು ಬಂತು.