ತಪಸ್ಸುಕಾಲದಲ್ಲಿ ತಪ್ಪಿದ ಚಹಾದ ಪಾಳಿ

ಈಸ್ಟರ್ ಹಬ್ಬಕ್ಕೆ ಮುಂಚಿನ ನಲವತ್ತು ದಿನಗಳನ್ನು ನಾವು ಕಥೋಲಿಕರು ತಪಸ್ಸುಕಾಲ ಎನ್ನುತ್ತೇವೆ. ಆಗ ಏನಾದರೊಂದನ್ನು ಬಿಡಬೇಕು. ನಾನು ಪ್ರತಿವರ್ಷ ಮಟನ್ ಬಿಡುತ್ತಿದ್ದೆ. ಡಾಕ್ಟರು ಅದನ್ನು ಮೊದಲೇ ಬಿಡಿಸಿದ್ದರಿಂದ ಈ ತ್ಯಾಗವನ್ನು ಮೇಲಿನವರು ಹೆಚ್ಚು ಮನಸ್ಸಿಗೆ ಹಚ್ಚಿಕೊಂಡಿರಲಾರರು. ಹೋದ ವರ್ಷ ಈ ಕಾಲ ಶುರುವಾಗುವ ಬೂದಿ ಬುಧವಾರದ ಪೂಜೆಯಲ್ಲಿ ಫಾದರ್ ಮೂರು ಮಾತು ಹೇಳಿದರು: ಬೇಡದ ಖರ್ಚು ಬಿಡಿರಿ, ಉಳಿದದ್ದನ್ನು ಬಡವರಿಗೆ ಕೊಡಿರಿ, ಊರ ತುಂಬ ಡಂಗುರ ಹೊಡೆಯಬೇಡಿರಿ. ಮೂರನ್ನೂ ತಲೆಬಾಗಿ ಒಪ್ಪಿಕೊಂಡೆ. ಕೆಟ್ಟದ್ದೆಲ್ಲ ಆ ಮೂರನೆಯದರಿಂದ.

ಬಿಳೂರಿನಲ್ಲಿ ನಮ್ಮದು ಒಂದೇ ಕಥೋಲಿಕ ಮನೆ. ಪೂಜೆಗೆ ಬಸ್ ಹಿಡಿದು ಹೋಗಬೇಕು. ಅವತ್ತು ಹಣೆಯ ಮೇಲೆ ಬೂದಿಯ ಶಿಲುಬೆ ಹೊತ್ತು ಬಸ್ಸಿಳಿದಾಗ ಸ್ಟ್ಯಾಂಡಿನೆದುರು ಬೀಜ-ಗೊಬ್ಬರದ ಅಂಗಡಿ ಇಟ್ಟ ಸಾವಕಾರರು ಗಲ್ಲಾದ ಮೇಲಿಂದಲೇ ನೋಡಿದರು. ಅವರ ಹಣೆಯ ಮೇಲೆ ಎಂದಿನಂತೆ ಮೂರು ಬೆರಳಿನ ವಿಭೂತಿ.

"ಮಾಸ್ತರ, ಭಾಳ ಚಲೋ ಒಪ್ಪೇತ್ರಿ. ಆದರ ಹಚ್ಚಿದವರಿಗೆ ರೂಢಿ ಇಲ್ಲ ಕಾಣತೈತಿ. ಒಂದು ಗೀಟು ಉದ್ದಕ ಹೋಗೇತಿ ನೋಡ್ರಿ."

ಅಂಗಡಿಯಲ್ಲಿದ್ದ ನಾಲ್ಕು ಜನ ನಕ್ಕರು. ನಾನೂ ನಕ್ಕೆ. "ಇವತ್ತ ಉಪವಾಸರಿ, ಚಹಾ ಬ್ಯಾಡ" ಎಂದು ಮನೆಗೆ ನಡೆದೆ.

ಮನೆಯಲ್ಲಿ ಬೇಡದ ಖರ್ಚು ಯಾವುದೆಂದು ನಿರ್ಣಯಿಸಲು ಸಭೆ ಕೂಡಿತು. ಸದಸ್ಯರು ನಾವಿಬ್ಬರು. ಸ್ಟೀಲಿನ ಡಬ್ಬಿಗಳ ಖರೀದಿಯನ್ನು ನಿಲ್ಲಿಸಬೇಕೆಂದು ನಾನು ಸೂಚಿಸಿದೆ.

"ಡಬ್ಬಿ ದಿನಾ ತರತೀನೇನು? ನೀವು ಮನ್ಯಾಗ ಚಹಾ ಕುಡದು ಹೋಗತೀರಿ, ಸ್ಟ್ಯಾಂಡಿಗೆ ಹೋಗಿ ಮತ್ತ ಕುಡೀತೀರಿ. ಅದು ದಿನಾ" ಎಂದಳು ನನ್ನ ಹೆಂಡತಿ.

ನಿರ್ಣಯ ಪಾಸಾಯಿತು.

ಈ ಸ್ಟ್ಯಾಂಡಿನ ಚಹಾದ ಬಗ್ಗೆ ಹೇಳಬೇಕು. ನಾನು ಸಾಲಿ ಮಾಸ್ತರಿಕೆಯಿಂದ ನಿವೃತ್ತನಾಗುವ ಎಷ್ಟೋ ಮೊದಲಿನಿಂದ ದಿನಾ ಹನ್ನೊಂದಕ್ಕೆ ಸಾವಕಾರರ ಅಂಗಡಿಯಲ್ಲಿ ಕೂತು, ಪಕ್ಕದ ಹೋಟೆಲಿನಿಂದ ಎರಡು ಗ್ಲಾಸು ತರಿಸುತ್ತೇವೆ. ಒಂದು ದಿನ ಅವರ ಪಾಳಿ, ಮರುದಿನ ನನ್ನ ಪಾಳಿ. ನಾನು ದುಡ್ಡು ಬಿಚ್ಚದೆ ಹೋಗಿ ಕೂತರೆ ಸಾವಕಾರರೇ ದಿನಾ ಕುಡಿಸುತ್ತಾರೆ. ಅದು ತಪಸ್ಸಲ್ಲ, ದಂಡಪಿಂಡತನ. ಕಾರಣ ಹೇಳೋಣವೆಂದರೆ ಡಂಗುರವಾಗುತ್ತದೆ. ಹೀಗಾಗಿ ಆ ದಾರಿಯನ್ನೇ ಬಿಟ್ಟು ಹಿತ್ತಲ ಕಡೆಯಿಂದ ಓಡಾಡತೊಡಗಿದೆ. ಪುಣ್ಯಸಂಪಾದನೆಗೆ ಇಷ್ಟು ಮುಳ್ಳಿನ ಕಂಟಿ ದಾಟಬೇಕೆಂದು ಫಾದರ್ ಹೇಳಿರಲಿಲ್ಲ.

ಸಾವಕಾರರು ಫೋನ್ ಮಾಡಿದರು. "ಸ್ವಲ್ಪ ಕೆಲಸ ಐತ್ರಿ" ಎಂದೆ. ನಿವೃತ್ತ ಮಾಸ್ತರನಿಗೆ ದಿನಾ ಹನ್ನೊಂದಕ್ಕೇ ಏನು ಕೆಲಸವೆಂದು ಊರು ವಿಚಾರ ಮಾಡಿತು. ನನಗೆ ಸಕ್ಕರೆ ಕಾಯಿಲೆ ಎಂದು ತೀರ್ಮಾನವಾಯಿತು. ಪಕ್ಕದ ಮನೆಯ ಕಾಕು ಒಂದು ಬುಟ್ಟಿ ಹಾಗಲಕಾಯಿ ತಂದಿಟ್ಟರು. ಕುಣಿಕೋಣೂರಿನಿಂದ ಅವರ ತಮ್ಮ ಯಾವುದೋ ಬೇರು ಕಳಿಸಿದ. ಹಾಗಲಕಾಯಿಗೆ ಖರ್ಚಿಲ್ಲವಾದ್ದರಿಂದ ಬೇಡವೆನ್ನಲು ನನ್ನಲ್ಲಿ ಧರ್ಮಶಾಸ್ತ್ರದ ಆಧಾರವಿರಲಿಲ್ಲ. ಮೂರು ದಿನ ಅದನ್ನೇ ತಿಂದೆ.

ಮೂರನೆಯ ವಾರ ಸಾವಕಾರರು ಮನೆಗೇ ಬಂದರು. ಅಂಗಡಿ ತೆರೆದಿಟ್ಟು ಹಗಲುಹೊತ್ತಿನಲ್ಲಿ ಅವರು ಹೊರಬಿದ್ದದ್ದನ್ನು ನಾನು ಎಂದೂ ಕಂಡಿರಲಿಲ್ಲ. ಕೈಯಲ್ಲಿ ಬಾಳೆಹಣ್ಣು, ರೋಗಿಯನ್ನು ನೋಡಲು ಬಂದವರಂತೆ.

"ಬರ್ರಿ, ಕುಂದ್ರಿ."

"ಕುಂದ್ರಾಕ ಬಂದಿಲ್ಲರಿ" ಎಂದು ಕಂಬಕ್ಕೆ ಆತು ನಿಂತರು. ಬಾಳೆಹಣ್ಣನ್ನು ಈ ಕೈಯಿಂದ ಆ ಕೈಗೆ ಬದಲಿಸಿದರು. "ಮಾಸ್ತರ, ಅವತ್ತ ನಿಮ್ಮ ಹಣೀ ಮ್ಯಾಲಿನ ಬೂದಿಗೆ ನಾ ಚೇಷ್ಟಿ ಮಾಡಿದ್ದು ತಪ್ಪಾತ್ರಿ. ನಾಕು ಮಂದ್ಯಾಗ ಆಡಬಾರದಿತ್ತು. ನಿಮ್ಮ ಧರ್ಮದ ಮಾತು ಅದು. ಮನ್ಯಾಗ ನನಗ ದಿನಾ ಬೈಗಳ ಐತಿ."

ಆ ಚೇಷ್ಟೆಯನ್ನು ನಾನು ಅವತ್ತೇ ಮರೆತಿದ್ದೆ. ಇವರು ಮೂರು ವಾರ ಅದನ್ನು ಹೊತ್ತು ತಿರುಗಿದ್ದರು. ಬೂದಿಯ ಮಾತಾಡಿದ ಮರುದಿನದಿಂದ ಮಾಸ್ತರ ಬರುವುದಿಲ್ಲ, ಹಿತ್ತಲಿನಿಂದ ಹಾಯುತ್ತಾನೆ, ಫೋನಿನಲ್ಲಿ ನೆಪ ಹೇಳುತ್ತಾನೆ. ಇನ್ನೇನು ತಿಳಿದುಕೊಳ್ಳಬೇಕು ಮನುಷ್ಯ?

ಒಳಗಿನಿಂದ ನನ್ನ ಹೆಂಡತಿ ಡಂಗುರ ಹೊಡೆದಳು. "ಸಿಟ್ಟಲ್ಲರಿ ಅಣ್ಣಾರ. ಅವರು ಖರ್ಚು ಬಿಟ್ಟಾರ. ಹಬ್ಬದತನಾ ಹೊರಗಿನ ಚಹಾ ಕುಡ್ಯಾಂಗಿಲ್ಲ."

ಸಾವಕಾರರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ಆಮೇಲೆ ಕೂತರು.

"ಶ್ರಾವಣದಾಗ ನಾ ಉಳ್ಳಾಗಡ್ಡಿ ಬಿಡತೀನಿ. ನಿಮ್ಮನ್ನ ಬಿಡತೀನೇನ್ರಿ?"

"ಹೇಳಬಾರದು ಅಂತ ನೇಮ ಐತ್ರಿ."

"ಒಂದು ಚಹಾ ಬಿಟ್ಟದ್ದನ್ನ ಮುಚ್ಚಿಡಾಕ ಇಷ್ಟು ಸುಳ್ಳು ಹೇಳಬೇಕು ಅಂತನೂ ನೇಮ ಐತೇನು?"

ಹೆಂಡತಿ ಚಹಾ ತಂದಿಟ್ಟಳು. ಅವರು ಗ್ಲಾಸು ಮುಟ್ಟದೆ ಆಕೆಯನ್ನು ಕೇಳಿದರು: "ಇದು ಖರ್ಚಿನಾಗ ಬರತೈತೋ ಇಲ್ಲೋ, ಮೊದಲ ಮಾಸ್ತರನ್ನ ಕೇಳವಾ."

ಮರುದಿನದಿಂದ ನಾನು ಮನೆಯ ಚಹಾವನ್ನು ಥರ್ಮಾಸಿನಲ್ಲಿ ಅಂಗಡಿಗೆ ಒಯ್ಯುವುದೆಂದು ಗೊತ್ತಾಯಿತು. ಸಾವಕಾರರು ಬಿಟ್ಟಿ ಕುಡಿಯುವ ಪೈಕಿ ಅಲ್ಲ. ಒಂದು ದಿನ ಬಿಟ್ಟು ಒಂದು ದಿನ ತಮ್ಮ ಮನೆಯಿಂದ ತರಿಸಿದರು. ಅವರ ಮನೆಯ ಥರ್ಮಾಸಿನೊಂದಿಗೆ ಖಾರಾ ಚುರುಮುರಿಯೂ ಬಂತು. ಮಾನ ಕಾಯಲು ನಮ್ಮ ಮನೆಯಿಂದ ಚಕ್ಕುಲಿ ಹೊರಟಿತು. ಹಾಲು ಹೆಚ್ಚು ಹಾಕಿಸಬೇಕಾಯಿತು. ಥರ್ಮಾಸಿನ ಮುಚ್ಚಳ ಒಡೆದು ಹೊಸದು ಕೊಂಡದ್ದಾಯಿತು. ಬಡವರಿಗೆಂದು ಉಳಿದದ್ದೇನು ಎಂದು ಹೆಂಡತಿ ಕೇಳಿದಾಗ ನಾನು ಜಪಮಾಲೆ ಕೈಗೆತ್ತಿಕೊಂಡೆ. ಕಡೆಗೆ ನನ್ನ ಪಿಂಚಣಿಯಿಂದಲೇ ತೆಗೆದು ಕಾಣಿಕೆ ಡಬ್ಬಿಗೆ ಹಾಕಿದೆ.

ಈಸ್ಟರ್ ಮರುದಿನ ಹನ್ನೊಂದಕ್ಕೆ ಬರಿಗೈಯಲ್ಲಿ ಅಂಗಡಿಗೆ ಹೋದೆ. ಹೋಟೆಲಿನ ಎರಡು ಗ್ಲಾಸು ಮೊದಲೇ ಬಂದು ಕೂತಿದ್ದವು. ಸಾವಕಾರರು ನನ್ನ ಹಣೆ ನೋಡಿದರು, ಏನೋ ಹೇಳಲು ಬಾಯಿ ತೆರೆದು ಮುಚ್ಚಿದರು.

"ಹೇಳ್ರಿ" ಎಂದೆ.

"ಏನಿಲ್ಲರಿ. ಆ ಬೂದಿ ಹಿಂದಿನ ಮಂಗಳವಾರ ಚಹಾದ ರೊಕ್ಕ ನಾ ಕೊಟ್ಟಿದ್ದೆ. ಬುಧವಾರದ ಪಾಳಿ ನಿಮ್ಮದಿತ್ತು."

ನಾನು ಕಿಸೆಗೆ ಕೈ ಹಾಕಿದೆ.