ಬೋರಲು ಹಾಕಿದ ಲೋಟ

ಬೆಳಗಿನ ಐದೂವರೆ. ತಿರುನೆಲ್ವೇಲಿ ಸೀಮೆಯ ಕಡಲ ದಂಡೆಯ ವಿದ್ಯುತ್ ಸ್ಥಾವರದಲ್ಲಿ ಆಪರೇಟರ್ ಇಸಕ್ಕಿಮುತ್ತು ಪಂಪು ಚಾಲೂ ಮಾಡುವ ಗುಂಡಿಗಳ ಮುಂದೆ ಕೂತಿದ್ದಾರೆ. ಅವರ ಬೆನ್ನ ಹಿಂದೆ ಪ್ಲಾಸ್ಟಿಕ್ ಸ್ಟೂಲಿನ ಮೇಲೆ, ತೊಡೆಯಲ್ಲಿ ನೋಟ್‌ಬುಕ್ ಇಟ್ಟುಕೊಂಡು, ಮಂಗೈಯರ್ಕರಸಿ.

“ಅಣ್ಣಾಚಿ, ಈಗ ಎಡಗಡೆ ಮೀಟರ್ ಯಾಕೆ ನೋಡಿದ್ರಿ?”

“ನೋಡಿದ್ನಾ?”

“ಎರಡು ಸಲ.”

“ಹಾಗಾದ್ರೆ ನೀವೇ ಹೇಳ್ಬೇಕಮ್ಮ. ನನ್ನ ತಲೆಯೊಳಗೆ ನನಗಿಂತ ಜಾಸ್ತಿ ಹೊತ್ತು ಕೂರೋರು ನೀವು.”

ರಾತ್ರಿಯಿಡೀ ಕೂತ ಮಂಗೈಗೆ ನಗುವಷ್ಟು ತ್ರಾಣ ಉಳಿದಿಲ್ಲ. ಐವತ್ತೊಂದರ ಈ ಹೆಂಗಸು ಹತ್ತೊಂಬತ್ತು ವರ್ಷಗಳಿಂದ ಮಾಡುತ್ತಿರುವುದು ಇದನ್ನೇ. ಕೆಲಸಗಾರ ಏನು ನೋಡುತ್ತಾನೆ, ಏನು ನೆನಪಿಡುತ್ತಾನೆ, ಹೇಗೆ ತೀರ್ಮಾನಕ್ಕೆ ಬರುತ್ತಾನೆ ಎಂದು ಅವನ ಯೋಚನೆಯ ನಕ್ಷೆ ಬರೆಯುತ್ತಾರೆ. ಅದನ್ನು ನೋಡಿ ಎಂಜಿನಿಯರುಗಳು ಯಂತ್ರ ನಡೆಸುವ ಹೊಸ ಕಂಪ್ಯೂಟರ್ ಪರದೆ ರೂಪಿಸುತ್ತಾರೆ. ಒಂದು ಗಂಟೆ ಕಂಡದ್ದನ್ನು ಬರೆಯಲು ಇಡೀ ದಿನ ಬೇಕು. ಕೆಲಸಗಾರರ ಕಣ್ಣಿಗೆ ಈಕೆ ಮೇಲಿನವರ ಬೇಹುಗಾರ್ತಿ. ಮೇಲಿನವರ ಕಣ್ಣಿಗೆ ಸುಮ್ಮನೆ ಕೂತು ಹೋಗುವವಳು. “ಕಂಡೋರ ತಲೆಬಿಸಿ ಬರೆದದ್ದು ಸಾಕು, ನಿನ್ನ ಸೊಂಟನೋವಿಗೊಂದು ನಕ್ಷೆ ಬರ್ಕೊಳೇ” ಎಂದು ಮನೆಯಲ್ಲಿ ಅಮ್ಮ ಗೊಣಗುತ್ತಾರೆ.

ಒಂದು ತಪ್ಪು ಮಾತ್ರ ಅವರನ್ನು ಬಿಟ್ಟಿಲ್ಲ. ಆರು ವರ್ಷದ ಹಿಂದೆ, ಬೇರೊಂದು ಸ್ಥಾವರದಲ್ಲಿ, ಆಪರೇಟರ್ ಹೇಳಿದ್ದನ್ನೆಲ್ಲ ಅಚ್ಚುಕಟ್ಟಾಗಿ ಬರೆದುಕೊಟ್ಟರು. ಆತ ಹೇಳಿದ್ದು ಕೈಪಿಡಿಯ ಪಾಠ. ಅದರಂತೆ ಪರದೆ ಬಂತು; ರಿಪೇರಿಯ ಪಂಪಿಗೆ ಗುರುತಿಡಲು ಅದರಲ್ಲಿ ಜಾಗವಿರಲಿಲ್ಲ. ರಿಪೇರಿಯಲ್ಲಿದ್ದ ಪಂಪು ಯಾವುದೆಂಬ ನೆನಪು ತಪ್ಪಿ ಯಾರೋ ಚಾಲೂ ಮಾಡಿದರು. ಫಿಟ್ಟರ್ ಒಬ್ಬನ ಎರಡು ಬೆರಳು ಹೋದವು. “ಅವ್ರು ಹೇಳಿದ್ದು ಬರೆದೆ, ಮಾಡೋದು ನೋಡಲಿಲ್ಲ,” ಎನ್ನುತ್ತಾರೆ ಮಂಗೈ.

ಇಲ್ಲಿಯೂ ಹನ್ನೊಂದು ದಿನ ಇಸಕ್ಕಿಮುತ್ತು ಒಪ್ಪಿಸಿದ್ದು ಕೈಪಿಡಿಯನ್ನೇ. ಹನ್ನೆರಡನೆಯ ದಿನ, ಫಿಟ್ಟರುಗಳು ಪಂಪಿನ ಕೆಲಸಕ್ಕೆ ಇಳಿದಾಗ, ಇಸಕ್ಕಿಮುತ್ತು ತಾವು ಕಾಫಿ ಕುಡಿದ ಸ್ಟೀಲ್ ಲೋಟವನ್ನು, ಯಾರೂ ಒತ್ತದಂತೆ, ಆ ಪಂಪಿನ ಗುಂಡಿಯ ಮೇಲೆ ಬೋರಲು ಹಾಕಿದ್ದು ಮಂಗೈ ಕಣ್ಣಿಗೆ ಬಿತ್ತು. ಇದನ್ನೇಕೆ ಹೇಳಲಿಲ್ಲವೆಂದರೆ, “ಲೋಟ ಕೂಡ ಹೇಳೋ ವಿಷಯಾನಾ?” ಎಂದರು. ಹಿತ್ತಲ ಗಿಡ ಮದ್ದಲ್ಲ, ನೋಡಿ.

ಮುಂದಿನ ತಿಂಗಳು ಗುಂಡಿಗಳು ಹೋಗಿ ಗಾಜಿನ ಪರದೆ ಬರುತ್ತದೆ. ಲೋಟದ ಹಾಗೆಯೇ, ಇಟ್ಟವರೇ ತೆಗೆಯುವವರೆಗೆ ಪಂಪು ಚಾಲೂ ಆಗದಂಥ ಒಂದು ಗುರುತು ಪರದೆಯಲ್ಲಿ ಇರಲೇಬೇಕೆಂದು ಮಂಗೈ ಮೂರು ಸಲ ಬರೆದಿದ್ದಾರೆ. ಗೋರ್ಕಲ್ಲ ಮೇಲೆ ಮಳೆ. ಇವತ್ತು ಹತ್ತು ಗಂಟೆಗೆ ಕೊನೆಯ ಸಭೆ.

ಆರಕ್ಕೆ ಪಾಳಿ ಮುಗಿದರೂ ಇಸಕ್ಕಿಮುತ್ತು ಮನೆಗೆ ಹೋಗುವುದಿಲ್ಲ. ಕೆಂಪು ಕಣ್ಣಿನಲ್ಲೇ ಸಭೆಗೆ ಬರುತ್ತಾರೆ.

“ಲೋಟಕ್ಕೆಲ್ಲ ಜಾಗ ಮಾಡ್ಕೊಂಡು ಕೂತ್ರೆ ಆಗುತ್ತಾ ಮೇಡಂ?” ಎನ್ನುತ್ತಾರೆ ಪರದೆ ರೂಪಿಸುತ್ತಿರುವ ಎಂಜಿನಿಯರು.

ಇಸಕ್ಕಿಮುತ್ತು ಎದ್ದು ತಮ್ಮ ಕಾಫಿ ಲೋಟವನ್ನು ಮಾದರಿ ಪರದೆಗೆ ಆನಿಸಿ ಕೈಬಿಡುತ್ತಾರೆ. ಅದು ನೆಲಕ್ಕೆ ಬಿದ್ದು ಉರುಳುತ್ತದೆ. “ಪಂಪಿನೊಳಗೆ ನಮ್ಮ ಹುಡುಗರ ಕೈ ಇರುತ್ತೆ ಸಾರ್. ಇದನ್ನ ಎಲ್ಲಿಡ್ಲಿ, ನೀವೇ ಹೇಳಿ.”

ಎಂಜಿನಿಯರು ಬಗ್ಗಿ ಲೋಟ ಎತ್ತಿ ಮೇಜಿನ ಮೇಲಿಡುತ್ತಾರೆ. ಆಮೇಲೆ ಪೆನ್ನು ತೆಗೆದು ಪರದೆಯ ನಕ್ಷೆಯಲ್ಲಿ ಆ ಗುರುತನ್ನು ಸೇರಿಸುತ್ತಾರೆ.

ಗುರುತಿನ ಕೆಳಗೆ ಮಂಗೈ ಹೆಸರು ಇರುವುದಿಲ್ಲ. ಬೇಸರವಿಲ್ಲವೇ ಎಂದರೆ ಸೊಂಟ ನೀವಿಕೊಳ್ಳುತ್ತ ಹೇಳುತ್ತಾರೆ: “ಹೆಸರು ಯಾಕೆ? ಒಳಗೆ ಹಾಕಿದ ಕೈ, ಐದೂ ಬೆರಳು ಇಟ್ಕೊಂಡು ಈಚೆಗೆ ಬಂದ್ರೆ ಸಾಕು.”